ಸೊಟ್ಟ ಹೊಲಿಗೆಯ ಮೂರು ಕೌದಿ

ಹದಿನೇಳನೆಯ ಹೊಲಿಗೆ ಬಿಚ್ಚುವಾಗ ಬ್ಲೇಡು ಜಾರಿ ಶೇಖಮ್ಮನ ಹೆಬ್ಬೆರಳನ್ನು ಕೊಯ್ದಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡಳು, ಬ್ಲೇಡನ್ನು ಮಾತ್ರ ಕೆಳಗಿಡಲಿಲ್ಲ. ಎಡಗೈಗೆ ಬದಲಿಸಿ, ಹದಿನೆಂಟನೆಯದರ ಕೆಳಗೆ ಅದರ ಮೂಲೆ ತೂರಿಸಿ, ಚಕ್ಕನೆ ಮೇಲೆತ್ತಿದಳು. ದಾರ ಕಡಿಯಿತು.

“ರಕ್ತ ಬರಾಕತ್ತೈತಿ” ಎಂದ ಗಂಡ ಕರಿಬಸಯ್ಯ, ಮಾಳಿಗೆಯ ಮೆಟ್ಟಿಲ ಮೇಲೆ ನಿಂತು. “ಡಾಕ್ಟರು ಕಣ್ಣು ಕೊಟ್ಟಿದ್ದು ಕೈ ಕೊಯ್ಕೊಳ್ಳಾಕೇನು?”

“ನೀವು ಗಿರಣಿಗೆ ಹೋಗ್ರಿ.”

“ಗಿರಣಿ ಎಲ್ಲೂ ಓಡಿಹೋಗಂಗಿಲ್ಲ. ಚಲೋ ಕೌದಿ ಯಾಕ ಬಿಚ್ಚಾಕತ್ತೀ, ಅದನ್ನ ಹೇಳು.”

“ಇದಕ್ಕ ಚಲೋ ಅಂತೀರಿ? ಇಲ್ಲಿ ನೋಡ್ರಿ. ಇದೊಂದು ಟಾಕಿ ಜ್ವಾಳದ ಕಾಳಿನಷ್ಟು, ಇದು ಬೆರಳುದ್ದ. ಇದು ಗಟ್ಟು ಊರಿನ ದಾರಿ ಹಿಡಿದೈತಿ, ಇದು ಮಲ್ದಕಲ್ ದಾರಿ ಹಿಡಿದೈತಿ. ಹೊಲದಾಕಿ ನಾನು.”

“ಹೊಚ್ಚಿಕೊಂಡ್ರ ಬೆಚ್ಚಗ ಐತಿ. ಎರಡು ಚಳಿಗಾಲ ನೋಡೀನಿ” ಎಂದು ಕರಿಬಸಯ್ಯ ಇಳಿದುಹೋದ.

ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿತ್ತು. ಕಪ್ಪು ಕನ್ನಡಕ ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದು ನಿನ್ನೆ. ಕನ್ನಡಕ ತೆಗೆದ ಶೇಖಮ್ಮ ಮೊದಲು ನೋಡಿದ್ದು ಗಂಡನ ಮುಖ. “ಇಷ್ಟು ಮುದುಕರಾಗೀರಿ, ಒಂದು ಮಾತು ಹೇಳಬಾರದೇನ್ರಿ?” ಎಂದು ಕೇಳಿ ಅವನನ್ನು ಪೆಚ್ಚು ಮಾಡಿದ್ದಳು. ಎರಡನೆಯದಾಗಿ ನೋಡಿದ್ದು ಈ ಕೌದಿ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ಇದೇ ನಾರಾಯಣಪೇಟೆಯ ಮನೆಯ ಪಡಸಾಲೆಯಲ್ಲಿ ಕೂತು ಮೂವರು ಗೆಳತಿಯರು ಹೊಲಿದದ್ದು: ಅವಳು, ಮಕ್ತಲ್‌ನ ಕುರುಮಮ್ಮ, ಗದ್ವಾಲದ ವಿಜಯಶ್ರೀ.

ಅವರ ಪದ್ಧತಿ ಹೀಗಿತ್ತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಒಬ್ಬೊಬ್ಬರು ಒಂದೊಂದು ಬದಿ ಹಿಡಿದು ಅಂಚಿನಿಂದ ನಡುವಿಗೆ ಹೊಲಿದುಕೊಂಡು ಹೋಗುವುದು. ಶುರು ಮಾಡುವ ಕಡೆ ತಮ್ಮ ತಮ್ಮ ಬಣ್ಣದ ದಾರದ ಗಂಟು. ಶೇಖಮ್ಮನದು ಕೆಂಪು, ಕುರುಮಮ್ಮನದು ನೀಲಿ, ವಿಜಯಶ್ರೀಯದು ಹಳದಿ. ನಾಲ್ಕನೆಯ ಬದಿ ಬಂದವರದು. ಹೊಲಿಗೆ ನಡೆದಿರುವ ಮನೆಗೆ ಯಾರೇ ಬರಲಿ, ಆ ಬದಿಯಲ್ಲಿ ನಾಲ್ಕು ಟಾಕಿ ಹಾಕಿದ ಮೇಲೆಯೇ ಅವರಿಗೆ ಚಹಾ.

ಶೇಖಮ್ಮ ಬಿಚ್ಚುತ್ತಿದ್ದದ್ದು ಕೆಂಪು ಗಂಟಿನ ಬದಿ. ಮೂರು ವರ್ಷದಿಂದ ಅವಳಿಗೆ ಸೂಜಿಯ ತುದಿ ಕಂಡಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಬೆರಳಲ್ಲಿ ಅಳೆದು, ಉಗುರಲ್ಲಿ ಗೆರೆ ಎಳೆದು, ಅಂದಾಜಿನ ಮೇಲೆ ಹೊಲಿಯುತ್ತಿದ್ದಳು. ಕಣ್ಣು ಕಾಣದವಳಿಗೆ ಸೂಜಿ ಯಾಕೆ ಎಂದು ಆ ಇಬ್ಬರೂ ತನ್ನನ್ನು ಗೋಡೆಗೆ ಆನಿಸಿ ಕೂರಿಸಿ, ನೀ ಸುಮ್ಮನೆ ಕತೆ ಹೇಳು ಅಂದುಬಿಟ್ಟರೆ? ಅದೊಂದೇ ಭಯ. ಮೂರು ಬೇಸಿಗೆ ಇಬ್ಬರ ಕಣ್ಣಿಗೂ ಮಣ್ಣೆರಚಿದೆ ಎಂಬ ಒಂದು ಕಳ್ಳ ಹೆಮ್ಮೆಯೂ ಅವಳಿಗಿತ್ತು.

ಇಪ್ಪತ್ತೆರಡನೆಯ ಹೊಲಿಗೆಗೆ ಬೇಸರ ಬಂದು, ಅಳತೆಗೆ ವಿಜಯಶ್ರೀಯ ಹೊಲಿಗೆ ನೋಡಿಕೊಳ್ಳೋಣ ಎಂದು ಕೌದಿಯನ್ನು ತಿರುಗಿಸಿದಳು. ವಿಜಯಶ್ರೀ ಹೊಲಿಗೆ ಟೀಚರ್ ಆಗಿದ್ದವಳು. ಅವಳ ಟಾಕಿಯೆಂದರೆ ಅಕ್ಕಿಕಾಳು ಸಾಲಾಗಿಟ್ಟ ಹಾಗೆ.

ಅಲ್ಲಿ ಅಕ್ಕಿಕಾಳಿರಲಿಲ್ಲ. ಒಂದು ಟಾಕಿ ಜೋಳದ ಕಾಳಿನಷ್ಟು, ಇನ್ನೊಂದು ಬೆರಳುದ್ದ. ಸಾಲು ಏರುತ್ತಿತ್ತು, ಇಳಿಯುತ್ತಿತ್ತು. ತನ್ನ ಬದಿಯನ್ನೇ ಮತ್ತೆ ತಿರುಗಿಸಿಕೊಂಡೆನೇನೋ ಎಂದು ಮೂಲೆ ಹುಡುಕಿದಳು. ಗಂಟು ಹಳದಿ. ಇನ್ನೊಂದು ಬದಿ ಎಳೆದುಕೊಂಡಳು. ಗಂಟು ನೀಲಿ. ಅಲ್ಲೂ ಅದೇ ಏರಿಳಿತ.

ಕೆಳಗೆ ಹೋಗಿ ಟ್ರಂಕಿನಿಂದ ಐದು ವರ್ಷದ ಹಿಂದಿನ ಕೌದಿ ತಂದಳು. ಅದರಲ್ಲಿ ಮೂರು ಕೈ ಮೂರು ಥರ ಇದ್ದವು: ಅಕ್ಕಿಕಾಳು, ಇರುವೆ ಸಾಲು, ನಡುವೆ ತನ್ನದು, ತಕ್ಕಮಟ್ಟಿಗೆ ನೇರ. ಮತ್ತೆ ಹೊಸದನ್ನು ನೋಡಿದಳು. ಆಗ ಇನ್ನೊಂದು ಕಂಡಿತು. ತನ್ನ ಬದಿಯ ತುಂಡುಗಳೆಲ್ಲ ಗಾಢ ಬಣ್ಣದವು. ಅಡಿಕೆ ಬಣ್ಣ, ಕಡುಹಸಿರು, ಕಪ್ಪುಗೆಂಪು. ಬಿಳಿ ದಾರ ಅವುಗಳ ಮೇಲೆ ಎದ್ದು ಕಾಣುತ್ತಿತ್ತು. ಆ ಬೇಸಿಗೆ ಅವಳು ಜಗಳ ತೆಗೆದಿದ್ದಳು: “ಚಂದ ಚಂದ ತುಂಡೆಲ್ಲ ಟೀಚರಮ್ಮನ ಕಡಿ, ಮಸಿ ಅರಿವಿ ಎಲ್ಲಾ ನನ್ನ ಕಡಿ. ಇದ್ಯಾವ ನ್ಯಾಯ?” ಕುರುಮಮ್ಮ ಆಗ ನಕ್ಕಿದ್ದಳು. ವಿಜಯಶ್ರೀ ತಲೆ ಎತ್ತಿರಲಿಲ್ಲ.

ಶೇಖಮ್ಮ ಎರಡೂ ಕೌದಿ ಮಡಚಿಟ್ಟಳು. ಆಮೇಲೆ ಧುತ್ತನೆ ನೆನಪಾಯಿತು. ಇವತ್ತು ಬುಧವಾರ. ಶುಕ್ರವಾರ ಗದ್ವಾಲದಲ್ಲಿ ವಿಜಯಶ್ರೀಯ ಮಗಳು ಶಿವಗಂಗಾಳ ಕೂಸಿಗೆ ಹೆಸರಿಡುವುದು. ಈ ಬೇಸಿಗೆ ಮೂವರೂ ಹೊಲಿದ ಕೌದಿ ಆ ಕೂಸಿಗಾಗಿಯೇ ಹೊಲಿದದ್ದು. ರಾಯಚೂರಿನ ಬೀಗರು ಬರುತ್ತಾರೆ, ಐವತ್ತು ಜನ ಹೆಂಗಸರು ತೊಟ್ಟಿಲಿಗೆ ಬಗ್ಗಿ ನೋಡುತ್ತಾರೆ. ಟೀಚರಮ್ಮನ ಮೊಮ್ಮಗನ ಕೌದಿ ಅಲ್ಲವೇ, ಹೊಲಿಗೆ ನೋಡದೆ ಬಿಡುತ್ತಾರೆಯೇ? ಈ ಬೇಸಿಗೆಗೆ ಶೇಖಮ್ಮನ ಕಣ್ಣು ಇನ್ನೂ ಹದಗೆಟ್ಟಿತ್ತು.

ಅವಳು ಎರಡು ಉಂಡೆ ಬಿಳಿ ದಾರ, ಒಂದು ಪೊಟ್ಟಣ ಬ್ಲೇಡು, ಸೂಜಿ ಕಟ್ಟಿಕೊಂಡಳು. ಗಿರಣಿಯ ಮುಂದೆ ಹಾದುಹೋಗುವಾಗ, “ಗದ್ವಾಲಕ್ಕ ಹೊಂಟೀನಿ. ರೊಟ್ಟಿ ಬುಟ್ಟಿಯೊಳಗ ಅದಾವು” ಎಂದು ಕೂಗಿದಳು. ಹಿಟ್ಟಿನಲ್ಲಿ ಬೆಳ್ಳಗಾಗಿದ್ದ ಕರಿಬಸಯ್ಯ ಕೈ ಎತ್ತಿದ. ಕಣ್ಣು ಬಂದ ಹೆಂಗಸನ್ನು ತಡೆಯುವುದು ತನ್ನ ಕೈಲಾಗದ ಮಾತು ಎಂಬಂತೆ.

*

ಈ ಮೂವರೂ ಒಂದೂರಿನವರಲ್ಲ, ಒಂದು ಓಣಿಯವರಲ್ಲ, ಒಂದು ಜಾತಿಯವರೂ ಅಲ್ಲ. ಅವರನ್ನು ಸೇರಿಸಿದ್ದು ಬಸ್ಸಿಲ್ಲದ ರಸ್ತೆ.

ಎರಡು ಸಾವಿರದ ಹನ್ನೊಂದರಲ್ಲಿ, ತೆಲಂಗಾಣ ಬೇಕೆಂದು ಊರಿಗೆ ಊರೇ ಮುಷ್ಕರ ಹೂಡಿದ್ದ ದಿನಗಳಲ್ಲಿ, ಶೇಖಮ್ಮ ತಂಗಿಯ ಮನೆಗೆಂದು ಮಕ್ತಲ್‌ಗೆ ಬಂದವಳು ಅಲ್ಲೇ ಸಿಕ್ಕಿಬಿದ್ದಳು. ಬಸ್ಸು ಬಂದ್. ತಂಗಿಯ ಮನೆಯೆದುರೇ ಸರದಿ ಉಪವಾಸದ ಡೇರೆ. ಒಂದೊಂದು ದಿನ ಒಂದೊಂದು ಗುಂಪು, ಬೆಳಗಿನಿಂದ ಸಂಜೆಯವರೆಗೆ ಅನ್ನ ಬಿಟ್ಟು ಕೂರುವುದು. ಅವತ್ತು ಹೆಂಗಸರ ಪಾಳಿ. ಮುಷ್ಕರದಲ್ಲಿದ್ದ ಟೀಚರುಗಳ ಪೈಕಿ, ಆಗ ಮಕ್ತಲ್ ಶಾಲೆಯಲ್ಲಿ ಕಲಿಸುತ್ತಿದ್ದ ವಿಜಯಶ್ರೀ ಕೂತಿದ್ದಳು, ಮಹಿಳಾ ಸಂಘದ ಪರವಾಗಿ ಕುರುಮಮ್ಮ. ಕುರುಮಮ್ಮ ದಾಮರಗಿದ್ದದ ಕಡೆಯವಳು. ಗಂಡ ಸಾಯಣ್ಣನ ಜೊತೆ ಹತ್ತು ವರ್ಷ ಪುಣೆಯಲ್ಲಿ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಬಂದವಳು. ಸುಮ್ಮನೆ ಕೂರುವುದು ಅವಳಿಗೆ ಗೊತ್ತೇ ಇರಲಿಲ್ಲ. ಡೇರೆಗೇ ಹಳೆ ಸೀರೆಯ ಗಂಟು ತಂದು ಕೌದಿ ಹಾಸಿದ್ದಳು. ಅವಳ ಬಾಯಲ್ಲಿ ಅದು ಬೊಂತ.

ನೆರಳಿಗೆಂದು ಬಂದ ಶೇಖಮ್ಮ ನಿಂತು ನೋಡಿದಳು. “ಒಬ್ಬಾಕೀನ ಹೊಲದ್ರ ನಿಮ್ಮ ರಾಜ್ಯ ಬಂದ ಮ್ಯಾಲೂ ಮುಗಿಯಂಗಿಲ್ಲ” ಎಂದು ಒಂದು ಬದಿ ಹಿಡಿದಳು. ಇನ್ನೊಂದು ಬದಿಯಿಂದ ವಿಜಯಶ್ರೀ, ಅಲ್ಲಿಯವರೆಗೆ ಬಾಯಿ ಬಿಡದವಳು, ಕುರುಮಮ್ಮನ ಸಾಲಿನ ಮೇಲೆ ಬೆರಳಿಟ್ಟು ಒಂದೇ ಮಾತು ಹೇಳಿದಳು.

“ಬಿಚ್ಚು.”

“ಏನು?”

“ಈ ಗೇಣುದ್ದ ಸೊಟ್ಟ ಐತಿ. ಬಿಚ್ಚು.”

ಮೂವತ್ತು ವರ್ಷ ಹುಡುಗಿಯರಿಗೆ ಹೊಲಿಗೆ ಕಲಿಸಿದ ಬಾಯಿ ಅದು. ಆಮೇಲಿನ ವರ್ಷಗಳಲ್ಲಿ ಎಷ್ಟು ಸಲ ಆ ಮಾತು ಕೇಳಿದರೋ ಲೆಕ್ಕವಿಲ್ಲ. “ನಮ್ಮ ಟೀಚರಮ್ಮ ಸತ್ತ ಮ್ಯಾಲ ಯಮಧರ್ಮನ ಹಗ್ಗ ನೋಡಿ, ಗಂಟು ಸೊಟ್ಟ ಐತಿ ಬಿಚ್ಚು ಅಂತಾಳ” ಎಂದು ಕುರುಮಮ್ಮ ಅಣಕಿಸುತ್ತಿದ್ದಳು.

ಕೌದಿ ಮುಗಿದ ದಿನವೂ ಮೂವರೂ ಅದೇ ಡೇರೆಯಲ್ಲಿದ್ದರು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡಬೇಕು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ. ಕುರುಮಮ್ಮ ಸೆರಗಿನಿಂದ ರೊಟ್ಟಿ ತೆಗೆದಳೋ ಇಲ್ಲವೋ, ಡೇರೆಯ ಮುಖಂಡ ಉದಯಕುಮಾರ ಹಾರಿಬಿದ್ದ.

“ಉಪವಾಸದ ಡೇರೆಯೊಳಗ ರೊಟ್ಟಿ! ಪೇಪರಿನವರು ನೋಡಿದ್ರ ನಮ್ಮ ಮಾನ ಏನಾಗಬೇಕು?”

“ತಿನ್ನಾಕಲ್ಲಣ್ಣ, ಬೊಂತಕ್ಕ” ಎಂದಳು ಕುರುಮಮ್ಮ.

“ಕೌದಿಗೆ ಉಪವಾಸ ಇಲ್ಲೇನು?”

ವಿಜಯಶ್ರೀ ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು: “ಕೌದಿ ಸರ್ಕಾರಿ ನೌಕರಿ ಮಾಡಂಗಿಲ್ರಿ. ಅದಕ್ಕ ಮುಷ್ಕರ ಇಲ್ಲ.”

ಡೇರೆಗೆ ಡೇರೆಯೇ ನಕ್ಕಿತು. ಉದಯಕುಮಾರನೂ ನಕ್ಕು, ಬಂದವರ ಬದಿಯಲ್ಲಿ ನಾಲ್ಕು ಟಾಕಿ ಹಾಕಿದ. ಆ ನಾಲ್ಕೂ ಸೊಟ್ಟ. ವಿಜಯಶ್ರೀ ಅವನಿಗೂ ಬಿಚ್ಚು ಅಂದಳು.

ಆಮೇಲೆ ವರ್ಷಕ್ಕೊಂದು ಕೌದಿ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ. ರಾಜ್ಯ ಬಂದ ವರ್ಷ ಕುರುಮಮ್ಮನ ಪಾಳಿ. ಜೂನ್ ಎರಡರಂದು ಊರೆಲ್ಲ ಪಟಾಕಿ ಹೊಡೆಯುವಾಗ ಈ ಮೂವರು ಮೂಲೆ ಮುಚ್ಚುತ್ತ ಕೂತಿದ್ದರು. ರೊಟ್ಟಿಯ ಬದಲು ಜಿಲೇಬಿ ಇಟ್ಟರು. ಇರುವೆ ಹತ್ತಿ ಆ ಕೌದಿಯನ್ನು ಎಂಟು ದಿನ ಬಿಸಿಲಿಗೆ ಹಾಕಬೇಕಾಯಿತು.

*

ಮಕ್ತಲ್‌ನಲ್ಲಿ ಕುರುಮಮ್ಮ ಶಾಲೆಯ ಬಿಸಿಯೂಟದ ಪಾತ್ರೆ ತಿಕ್ಕಿ ಆಗಷ್ಟೇ ಮನೆಗೆ ಬಂದಿದ್ದಳು. ಬಾಗಿಲಲ್ಲಿ ಶೇಖಮ್ಮನನ್ನು ನೋಡಿ ಒದ್ದೆ ಕೈಯಲ್ಲೇ ಓಡಿಬಂದು ಗಲ್ಲ ಹಿಡಿದಳು.

“ಏಮಕ್ಕಾ! ಕಣ್ಣು ಬಂದ್ವೇನು? ನಾ ಹೆಂಗ ಕಾಣ್ತೀನಿ?”

“ಕಳ್ಳಿ ಹಂಗ ಕಾಣ್ತೀ. ಹೋದ ವರ್ಷದ ಕೌದಿ ತಗಿ.”

ಕುರುಮಮ್ಮನ ನಗು ಒಂದು ಕ್ಷಣ ತಡವರಿಸಿತು. “ಅದಾ? ಅದು ಒಗಿಯಾಕ ಹಾಕೀನಿ.”

“ನಿನ್ನ ಹಿಂದ ಮಂಚದ ಮ್ಯಾಲ ಐತಲ್ಲ.”

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಕೌದಿ ಬಂತು. ಶೇಖಮ್ಮ ಅದನ್ನು ಬಾಗಿಲ ಬೆಳಕಿಗೆ ಹರವಿ ಮೂರೂ ಗಂಟು ಹುಡುಕಿದಳು. ಕೆಂಪು, ನೀಲಿ, ಹಳದಿ. ಮೂರೂ ಕಡೆ ಕುಡುಕನ ನಡಿಗೆ.

“ನನ್ನ ಬದಿ ಹಿಂಗ ಆದದ್ದು ಗೊತ್ತು. ನಿನ್ನದು ಯಾಕ ಹಿಂಗ?”

“ನಂಗೂ ವಯಸ್ಸಾತಲ್ಲಕ್ಕ. ಕಣ್ಣು ಮಂಜ ಆಗ್ಯಾವು.”

ಶೇಖಮ್ಮ ತಾನು ಕಟ್ಟಿ ತಂದ ಗಂಟಿನಿಂದ ಒಂದು ಸೂಜಿ, ಒಂದೆಳೆ ದಾರ ತೆಗೆದು ಕೊಟ್ಟಳು. “ಪೋಣಸು.”

ಕುರುಮಮ್ಮ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ನೋಡಿಯೂ ನೋಡದ ಹಾಗೆ, ಒಂದೇ ಏಟಿಗೆ ಪೋಣಿಸಿಬಿಟ್ಟಳು. ಕೈಗೆ ಅಭ್ಯಾಸ. ಪೋಣಿಸಿದ ಮೇಲೆ ತಾನು ಸಿಕ್ಕಿಬಿದ್ದದ್ದು ಗೊತ್ತಾಗಿ, ಸೂಜಿಯನ್ನು ಹಾಗೇ ಹಿಡಿದುಕೊಂಡು ನಿಂತಳು.

“ಮಂಜ ಕಣ್ಣು ಭಾಳ ಚಲೋ ಕಾಣ್ತಾವ” ಎಂದಳು ಶೇಖಮ್ಮ.

“ನನ್ನ ಯಾಕ ಬೈತೀ? ಟೀಚರಮ್ಮನ್ನ ಕೇಳು. ಆಕೀದಾ ಎಲ್ಲಾ.”

ಕುರುಮಮ್ಮ ಹೊಸ್ತಿಲ ಮೇಲೆ ಕೂತು ಹೇಳಿದಳು. ಎರಡು ವರ್ಷದ ಹಿಂದೆ ನಾರಾಯಣಪೇಟೆಯ ಪಡಸಾಲೆಯಲ್ಲಿ ಮೊದಲ ದಿನವೇ ಇಬ್ಬರಿಗೂ ಗೊತ್ತಾಗಿತ್ತು. ಶೇಖಮ್ಮ ಸೂಜಿಯ ಕಣ್ಣು ಸಿಗದೆ ದಾರವನ್ನು ಗಾಳಿಗೆ ಪೋಣಿಸುತ್ತಿದ್ದಳು. ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಕುರುಮಮ್ಮ ಮೆಲ್ಲಗೆ, ಅಕ್ಕನ ಸಾಲು ಬಿಚ್ಚಿ ನಾವೇ ಹಾಕೋಣೇನು ಎಂದು ಕೇಳಿದಳಂತೆ. ವಿಜಯಶ್ರೀ ಶೇಖಮ್ಮನ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಬ್ಲೇಡು ತಗೊಂಡು ತನ್ನದೇ ಸಾಲು, ಮೊಳದುದ್ದದ ಅಕ್ಕಿಕಾಳು, ಪೂರಾ ಬಿಚ್ಚಿದಳು.

“ಅಕ್ಕಾ, ಆ ತಾಯಿ ತನ್ನ ಟಾಕಿ ಬಿಚ್ಚಿದ್ದು ನಾ ನೋಡಿದ್ದು ಅದೊಂದ ಸಲ. ಬಿಚ್ಚಿ ನಿನ್ನ ಸಾಲು ನೋಡಿಕೋಂತ ಹಂಗಾ ಹಾಕಿದ್ಲು. ನಿಂದು ಎಲ್ಲಿ ಏರೈತಿ, ಅಲ್ಲಿ ಏರಸೂದು. ನಿಂದು ಎಲ್ಲಿ ಹಾರೈತಿ, ಅಲ್ಲಿ ಹಾರಸೂದು. ಸೊಟ್ಟ ಹಾಕೂದು ಎಷ್ಟು ಕಷ್ಟ ಗೊತ್ತೇನು? ನಂದು ತಪ್ಪಿ ನೆಟ್ಟಗ ಬಂದ್ರ ಟೀಚರಮ್ಮ ಕಣ್ಣು ಬಿಟ್ಟು, ಬಿಚ್ಚು ಅನ್ನಾಕಿ!”

ಅವಳು ನಕ್ಕಳು. ಶೇಖಮ್ಮ ನಗಲಿಲ್ಲ.

“ನಿಮಗ ಗೊತ್ತಾಗಿತ್ತಂದ್ರ ನನಗ ಯಾಕ ಹೇಳಲಿಲ್ಲ? ನನ್ನ ಕೈಲೆ ಸೂಜಿ ಕಸಗೊಂಡಿದ್ರ ಆಗ್ತಿತ್ತಲ್ಲ.”

“ನೀ ಹೇಳಲಿ ಅಂತ ನಾವು ಕಾದಿವಿ. ನೀ ಹೇಳಲಿಲ್ಲ. ಕಸಗೊಳ್ಳಾಕ ನಾವೇನು ಪೊಲೀಸರಾ?”

ಶೇಖಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. “ಸೀರಿ ಉಟ್ಕೊ. ಗದ್ವಾಲಕ್ಕ ಹೋಗೂಣು. ಎರಡು ದಿನ ಐತಿ. ಮೂರೂ ಮಂದಿ ಕುಂತ್ರ ಕೂಸಿನ ಕೌದಿ ಬಿಚ್ಚಿ ಹೊಲಿಯಾಕ ಆಗತೈತಿ.”

“ಟೀಚರಮ್ಮ ಕೊಟ್ರ.”

“ಕೊಡ್ತಾಳ. ನನ್ನ ಸಲುವಾಗಿ ಆಕೀ ಐವತ್ತು ಮಂದಿ ಮುಂದ ತಲಿ ತಗ್ಗಸಬೇಕೇನು?”

*

ಜೂರಾಲದ ಅಣೆಕಟ್ಟೆಯ ಹತ್ತಿರ ಬಸ್ಸು ನಿಂತಿತು. ಡ್ರೈವರ್ ಚಹಾಕ್ಕೆ ಇಳಿದ. ರಸ್ತೆಯುದ್ದಕ್ಕೂ ಮೀನು ಹುರಿಯುವ ಬಾಣಲೆಗಳು. ಕುರುಮಮ್ಮ ಇಳಿದು ಹೋಗಿ ಕಾಗದದ ಪೊಟ್ಟಣ ಹಿಡಿದು ಬಂದಳು. ಶೇಖಮ್ಮ ಮೂಗಿಗೆ ಸೆರಗು ಮುಚ್ಚಿ ಕಿಟಕಿಯ ಕಡೆ ತಿರುಗಿದಳು. ಅವಳ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು.

“ಆ ಕಡಿ ಕುಂತು ತಿನ್ನು, ಪಾಪಿ.”

“ಏಳು ವರ್ಷದಿಂದ ಇದಾ ಮಾತು. ಮೂಗು ಮುಚ್ಚಿಕೋ, ಬಾಯಿ ಮುಚ್ಚಬ್ಯಾಡ. ಕತಿ ಹೇಳು” ಎಂದು ಕುರುಮಮ್ಮ ಹಿಂದಿನ ಸೀಟಿಗೆ ಹೋಗಿ ಕೂತಳು.

ಶೇಖಮ್ಮ ಕತೆ ಹೇಳಲಿಲ್ಲ. ಹೊರಗೆ ನೋಡುತ್ತಿದ್ದಳು. ಕೃಷ್ಣೆಯ ನೀರಿನ ಮೇಲೆ ಬಿಸಿಲು ಚೂರುಚೂರಾಗಿ ಬಿದ್ದಿತ್ತು. ಒಂದೊಂದು ಚೂರೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಮೂರು ವರ್ಷ ಇದೇ ಕಟ್ಟೆಯ ಮೇಲೆ ಹೋಗುವಾಗ ಅವಳಿಗೆ ಕಂಡದ್ದು ಹಾಲು ಚೆಲ್ಲಿದಂಥ ಒಂದು ಬೆಳ್ಳನೆ ಬಯಲು ಮಾತ್ರ.

ಈಗ ಹಿಂದಿನದೂ ಒಂದೊಂದಾಗಿ ಕಾಣತೊಡಗಿತು. ಪ್ರತಿ ಬೆಳಗ್ಗೆ ದಿಂಬಿನ ಮೇಲೆ ಹತ್ತು ಸೂಜಿ ಪೋಣಿಸಿ ಚುಚ್ಚಿಟ್ಟಿರುತ್ತಿದ್ದವು. ಕುರುಮಮ್ಮನಿಗೆ ಕೆಲಸದ ಅವಸರ ಎಂದು ಅವಳು ತಿಳಿದಿದ್ದಳು. ಯಾವ ಮನೆಯಾದರೂ ಬಾಗಿಲ ಪಕ್ಕದ ಜಾಗ ತನಗೇ. ಹಿರಿಯಳೆಂದು ಮರ್ಯಾದೆ ಕೊಡುತ್ತಾರೆ ಅಂದುಕೊಂಡಿದ್ದಳು. ಬಾಗಿಲ ಪಕ್ಕ ಬೆಳಕಿತ್ತು. ಮೂರು ಬೇಸಿಗೆ ವಿಜಯಶ್ರೀ ಅವಳಿಗೆ ಒಂದು ಸಲವೂ ಬಿಚ್ಚು ಅಂದಿರಲಿಲ್ಲ. ತನ್ನ ಕೈ ಪಳಗಿತು ಎಂದು ಶೇಖಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಈ ವರ್ಷ ಸರ್ಕಾರದ ಕಣ್ಣಿನ ಶಿಬಿರ ಬಂದಾಗ, “ನನಗೊಬ್ಬಾಕಿಗೆ ಹೋಗಾಕ ಅಂಜಿಕಿ, ಜೋಡಿ ಬಾ” ಎಂದು ಕರೆದುಕೊಂಡು ಹೋದವಳು ಕುರುಮಮ್ಮ. ಒಂದೇ ಏಟಿಗೆ ಸೂಜಿ ಪೋಣಿಸುವ ಕುರುಮಮ್ಮ!

ಯಾರೂ ಉಪಕಾರ ಮಾಡಿದ ಹಾಗೆ ತೋರಿಸಿಕೊಂಡಿರಲಿಲ್ಲ. ಅದಕ್ಕೇ ಅವಳು ಯಾರಿಗೂ ಉಪಕಾರವಾಯಿತು ಅಂದಿರಲಿಲ್ಲ. ಈಗ ಅನ್ನಬೇಕೆಂದರೆ ಎಲ್ಲಿಂದ ಶುರು ಮಾಡುವುದು? ಮಾತಿಗಿಂತ ಸೂಜಿ ವಾಸಿ. ತನ್ನ ಬದಿಯನ್ನಷ್ಟೇ ಅಲ್ಲ, ಮೂರೂ ಬದಿಯನ್ನು ತಾನೇ ಬಿಚ್ಚಿ, ಅಕ್ಕಿಕಾಳಿನ ಹಾಗೆ ಹೊಲಿದು ವಿಜಯಶ್ರೀಯ ಕೈಗಿಡಬೇಕು.

“ಕುರುಮಾ” ಎಂದು ಕರೆದಳು, ತಿರುಗದೆ.

“ಆಂ?”

“ಮೀನು ತಿಂದು ಕೈ ಚಂದಾಗಿ ತೊಳಕೋ. ಕೂಸಿನ ಮನಿಗೆ ಹೊಂಟೀವಿ.”

“ಅದು ಹೇಳಾಕ ಇಷ್ಟು ಮೆತ್ತಗ ಕರದ್ಯಾ?” ಎಂದಳು ಕುರುಮಮ್ಮ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಕೈ ಬಂದು ಶೇಖಮ್ಮನ ಹೆಗಲ ಮೇಲೆ ಕೂತಿತು. ಮೀನಿನ ಕೈಯಲ್ಲ, ಇನ್ನೊಂದು.

*

ಗದ್ವಾಲದ ಮನೆಯ ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ಗದ್ವಾಲ ಜಿಲ್ಲೆಯಾದ ಮೇಲೆ ಶೇಖಮ್ಮ ಇಲ್ಲಿಗೆ ಬಂದಾಗಲೆಲ್ಲ ಬಾಗಿಲಲ್ಲೇ “ಜಿಲ್ಲಾದ ಮಂದಿ ಒಳಗ ಬಿಡ್ತೀರೇನ್ರಿ? ನಾವಿನ್ನೂ ನಾರಾಯಣಪೇಟೆಗೆ ಜಿಲ್ಲಾ ಬೇಕಂತ ಕೂಗಾಕತ್ತೀವಿ” ಎಂದು ಕಾಲೆಳೆಯುವುದು ವಾಡಿಕೆ. ಇವತ್ತು ಆ ಮಾತು ಅವಳ ಬಾಯಿಗೆ ಬಂದು ಅಲ್ಲೇ ನಿಂತಿತು. ಒಳಗಿನಿಂದ ಇನ್ನೊಂದು ದನಿ ಕೇಳುತ್ತಿತ್ತು.

“ತಪ್ಪು ತಿಳಿಬ್ಯಾಡ್ರಿ ಬೀಗರ. ಟೀಚರ್ ಕೈ ಅಂದ್ರ ಅಕ್ಕಿಕಾಳು ಇಟ್ಟಂಗ ಅಂತ ನಮ್ಮ ರಾಯಚೂರಿನಾಗ ಎಲ್ಲಾರೂ ಹೇಳ್ತಾರ. ಇದು ನೋಡಿದ್ರ ಕೋಳಿ ಕೆದರಿದಂಗ ಐತಿ.”

ಶಿವಗಂಗಾಳ ಅತ್ತೆ ಉರುಕುಂದಮ್ಮ. ಮೊಮ್ಮಗನನ್ನು ನೋಡುವ ಆಸೆಗೆ ಎರಡು ದಿನ ಮೊದಲೇ ಬಂದಿದ್ದಳು. ಮಂಚದ ಮೇಲೆ ಕೌದಿ ಹರವಿತ್ತು. ಒಂದು ತುದಿಯಲ್ಲಿ ಕೂಸು ಮಲಗಿತ್ತು, ಮುಷ್ಟಿ ಬಿಗಿದುಕೊಂಡು. ಶಿವಗಂಗಾ ಅದರ ಪಕ್ಕ ತಲೆ ತಗ್ಗಿಸಿ ಕೂತಿದ್ದಳು.

“ಹೌದ್ರಿ” ಎಂದಳು ವಿಜಯಶ್ರೀ.

“ನಿಮ್ಮದಾ ಹೊಲಿಗಿ ಏನ್ರಿ?”

“ನನ್ನದಾ.”

ಅಷ್ಟೇ. ಕಣ್ಣಿನ ಕತೆಯಿಲ್ಲ, ಗೆಳತಿಯ ಹೆಸರಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಶೇಖಮ್ಮನಿಗೆ ತಡೆಯಲಾಗಲಿಲ್ಲ.

“ಆಕೀದಲ್ಲ ಬೀಗರ, ನಂದು” ಎಂದು ಚಪ್ಪಲಿ ಕಳಚಿ ನೇರ ಒಳಗೆ ಬಂದಳು. “ಮೂರು ವರ್ಷ ನನಗ ಕಣ್ಣು ಕಾಣ್ತಿದ್ದಿಲ್ಲ. ಮಂದಿಗೆ ಹೇಳಾಕ ನಾಚಿಕಿ, ಕುಂತು ಹೊಲಿಯಾಕ ಆಸಿ. ನನ್ನ ಟಾಕಿ ಒಂದಾ ಸೊಟ್ಟ ಕಂಡ್ರ ನನ್ನ ಮನಸಿಗೆ ನೋವಾಗತೈತಿ ಅಂತ ಇವ್ರಿಬ್ರೂ ತಮ್ಮ ಟಾಕಿನೂ ಸೊಟ್ಟ ಹಾಕ್ಯಾರ. ನನ್ನ ಕೆಂಪು ಗಂಟು ನೋಡ್ರಿ, ಅಲ್ಲಿಂದ ಹಿಡ್ಕೊಂಡು ನೋಡ್ರಿ. ನಂದು ಎಲ್ಲಿ ಇಳಿದೈತಿ, ಅವ್ರದೂ ಅಲ್ಲೇ ಇಳಿದೈತಿ.”

ಉರುಕುಂದಮ್ಮ ಕೌದಿಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಮೊದಲಿನಿಂದ ನೋಡತೊಡಗಿದಳು. ಅವಳ ಬೆರಳು ಕೆಂಪು ಗಂಟಿನ ಸಾಲಿನ ಮೇಲೆ ನಿಧಾನವಾಗಿ ಹೋಗಿ, ನಿಂತು, ಹಳದಿ ಗಂಟಿನ ಬದಿಗೆ ಹೊರಳಿತು.

ವಿಜಯಶ್ರೀ ಕುರುಮಮ್ಮನ ಕಡೆ ನೋಡಿದಳು.

“ನಾ ಹೇಳಲಿಲ್ಲ ಟೀಚರಮ್ಮ” ಎಂದಳು ಕುರುಮಮ್ಮ. “ಸೂಜಿ ಪೋಣಸು ಅಂದ್ಲು, ನಾ ಪೋಣಿಸಿಬಿಟ್ಟೆ.”

“ನಿನ್ನ ಕೈಯಾಗ ಗುಟ್ಟು ಕೊಟ್ಟಿದ್ದು ನಂದಾ ತಪ್ಪು.”

ಶೇಖಮ್ಮ ನೆಲದ ಮೇಲೆ ಕೂತು ತಾನು ತಂದಿದ್ದ ಬಟ್ಟೆಯ ಗಂಟು ಬಿಚ್ಚಿದಳು. ದಾರದ ಉಂಡೆ ಎರಡು, ಬ್ಲೇಡಿನ ಪೊಟ್ಟಣ, ಸೂಜಿ. ಹಳೆಯ ಸೀರೆಯೊಂದನ್ನು ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟಳು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ.

“ವಿಜಯಾ, ಎರಡು ದಿನ ಐತಿ. ನೀ ಏನೂ ಮಾಡಬ್ಯಾಡ. ಕೂಸು ನೋಡ್ಕೋ, ಬೀಗರನ್ನ ನೋಡ್ಕೋ. ನಾ ಇಲ್ಲೇ ಕುಂದ್ರತೀನಿ. ಮೂರೂ ಬದಿ ಬಿಚ್ಚತೀನಿ, ಶುಕ್ರವಾರ ಮುಂಜಾನಿ ಅಷ್ಟೊತ್ತಿಗೆ ಹೊಲಿದು ಕೊಡ್ತೀನಿ. ಈಗ ನನಗ ಎಲ್ಲಾ ಕಾಣತೈತಿ. ನಿನ್ನ ತಲಿಯಾಗಿನ ಬಿಳಿ ಕೂದಲಾನೂ ಕಾಣತೈತಿ. ಆಮ್ಯಾಲ ಕುರುಮನ ಮನಿಯಾಗಿನ ಕೌದಿ, ನನ್ನ ಮನಿಯಾಗಿನದು, ಅವೂ ಬಿಚ್ಚತೀನಿ. ಸೊಟ್ಟ ಕಂಡ್ರ ನೀನಾ ಹೇಳು. ಒಂದು ಸಲ ಹೇಳು. ಮೂರು ವರ್ಷ ಆತು, ನಿನ್ನ ಬಾಯಿಲೆ ಆ ಮಾತು ಕೇಳಿಲ್ಲ ನಾನು.”

ಅವಳ ಹೆಬ್ಬೆರಳಿಗೆ ಕಟ್ಟಿದ್ದ ಬಟ್ಟೆಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಆ ಕೈಯಲ್ಲಿ ಬ್ಲೇಡು ಎತ್ತಿಕೊಂಡು, ಇನ್ನೊಂದು ಕೈಯನ್ನು ಕೌದಿಗಾಗಿ ಚಾಚಿದಳು.

ವಿಜಯಶ್ರೀ ಬಗ್ಗಿ ಆ ಹೆಬ್ಬೆರಳನ್ನು ನೋಡಿದಳು. ಬ್ಲೇಡನ್ನು ಮೆಲ್ಲಗೆ ತೆಗೆದುಕೊಂಡು ಕಾಗದದಲ್ಲಿ ಸುತ್ತಿ, ಗೋಡೆಯ ಎತ್ತರದ ಗೂಡಿನಲ್ಲಿ ಇಟ್ಟಳು. ಆಮೇಲೆ ಬಂದು, ಉರುಕುಂದಮ್ಮನ ತೊಡೆಯಿಂದ ಕೌದಿಯ ಅಂಚನ್ನು ಬಿಡಿಸಿ, ಅದನ್ನು ಮಲಗಿದ್ದ ಕೂಸಿನ ಎದೆಯವರೆಗೆ ಎಳೆದು ಹೊದಿಸಿದಳು. ಕೆಂಪು ಗಂಟಿನ ಬದಿ ಮೇಲೆ ಬಂತು.

ಶೇಖಮ್ಮನ ಕೈ ಇನ್ನೂ ಚಾಚಿಯೇ ಇತ್ತು.

“ಇಲ್ಲ” ಎಂದಳು ವಿಜಯಶ್ರೀ. “ಬಿಚ್ಚಾಕ ಕೊಡಂಗಿಲ್ಲ.”